ಮುಪ್ಪಿನಲ್ಲಿ ಮಾತು ಮತ್ತು ಮರೆವು



ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆ, ಲಸಿಕೆ, ಮಕ್ಕಳ ನಡುವಣ ಅಂತರ, ಇವೇ ನಮ್ಮ ಮನಸ್ಸಿಗೆ ಬರುತ್ತವೆ. ಅವು ಮುಖ್ಯವಾದುವೇ ಸರಿ. ಆದರೆ ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು ಇಷ್ಟೇ ಅಲ್ಲ. ಜಗಲಿಯ ಮೇಲೆ ಕುಳಿತಿರುವ ಅತ್ತೆ ಮಾವಂದಿರೂ ಅದಕ್ಕೆ ಸೇರಿದವರು. ಅವರ ಮಾತು ನಿಂತಾಗ, ಅಥವಾ ಅವರ ನೆನಪು ಕದಡಿದಾಗ, ಅದರ ಭಾರವೆಲ್ಲ ಬೀಳುವುದು ದುಡಿಯುವ ವಯಸ್ಸಿನ ದಂಪತಿಗಳ ಮೇಲೆ. ಆದುದರಿಂದ ಈ ದಿನ ತಮ್ಮೊಡನೆ ಮಿದುಳು, ಮಾತು ಮತ್ತು ಮರೆವುಗಳ ಕುರಿತು ಕೆಲವು ವಿಷಯಗಳನ್ನು ಹೇಳಬಯಸುತ್ತೇನೆ.

ಹಿರಿಯರ ಮಾತು ಮತ್ತು ತಿಳಿವಳಿಕೆ ಕೆಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ನಿನ್ನೆಯವರೆಗೆ ಚೆನ್ನಾಗಿದ್ದವರು ಇಂದು ಮುಂಜಾನೆ ಇದ್ದಕ್ಕಿದ್ದಂತೆ ಮಾತು ಕಳೆದುಕೊಳ್ಳುವುದು ಒಂದು ಬಗೆ. ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಮರೆವು ಬೆಳೆದು, ಕಡೆಗೆ ಮಗನ ಮುಖವೂ ಗುರುತು ಸಿಗದಂತಾಗುವುದು ಇನ್ನೊಂದು ಬಗೆ. ನಮ್ಮ ಹಳ್ಳಿಗಳಲ್ಲಿ ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ, "ಅರವತ್ತಕ್ಕೆ ಅರಳು ಮರಳು" ಎನ್ನುತ್ತಾರೆ. ಇಲ್ಲವೇ ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ಮೊದಲನೆಯದರಲ್ಲಿ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು. ಎರಡನೆಯದರಲ್ಲಿ ಬೇಕಾದುದು ವರ್ಷಗಟ್ಟಲೆಯ ತಾಳ್ಮೆ. ಯಾವುದು ಯಾವುದೆಂದು ತಿಳಿಯದೆ ಹೋದರೆ ಓಡಬೇಕಾದಲ್ಲಿ ಕುಳಿತಿರುತ್ತೇವೆ, ತಾಳ್ಮೆ ಬೇಕಾದಲ್ಲಿ ಜಗಳವಾಡುತ್ತೇವೆ.

ಮಿದುಳಿನ ತೂಕ ಸುಮಾರು 1,400 ಗ್ರಾಂ. ದೇಹದ ತೂಕದಲ್ಲಿ ಅದು ನೂರಕ್ಕೆ 2 ಪಾಲು ಮಾತ್ರ. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲನ್ನು ಅದೊಂದೇ ಬಳಸಿಕೊಳ್ಳುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳುಂಟೆಂದು ಎಣಿಸಿದ್ದಾರೆ. ಈ ಕೋಶಗಳಿಗೆ ಕೂಡಿಡುವ ಕಣಜವಿಲ್ಲ. ರಕ್ತ ಹರಿದು ಬರುತ್ತಿರುವವರೆಗೆ ಮಾತ್ರ ಅವುಗಳ ಬದುಕು. ಕಾಲುವೆಯ ನೀರು ನಿಂತರೆ ಕೊನೆಯ ಗದ್ದೆಯ ಪೈರು ವಾರವಾದರೂ ತಡೆದೀತು. ಮಿದುಳು ಕೆಲವು ನಿಮಿಷಗಳನ್ನೂ ತಡೆಯಲಾರದು.

ಮಾತು ನಾಲಿಗೆಯ ಕೆಲಸವೆಂದು ನಾವು ತಿಳಿದಿದ್ದೇವೆ. ನಾಲಿಗೆ ಕೇವಲ ಆಳು, ಯಜಮಾನನಿರುವುದು ತಲೆಯೊಳಗೆ. ಇದು ತಿಳಿದುಬಂದುದು 1861ರಲ್ಲಿ. ಪ್ಯಾರಿಸ್ ನಗರದ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಒಬ್ಬ ರೋಗಿಯಿದ್ದ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅವನ ಬಾಯಿಂದ ಹೊರಡುತ್ತಿದ್ದುದು "ತಾನ್" ಎಂಬ ಒಂದೇ ಶಬ್ದ. ತೀರ ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ. ಇತರರು ಹೇಳಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಅವನು ಸತ್ತ ಮೇಲೆ ಪಾಲ್ ಬ್ರೋಕ ಎಂಬ ವೈದ್ಯರು ಮಿದುಳನ್ನು ತೆಗೆದು ಪರೀಕ್ಷಿಸಿದಾಗ, ಎಡಭಾಗದಲ್ಲಿ, ಹಣೆಯ ಹಿಂದಿನ ಒಂದು ಕಡೆ ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ ಎಂಬ ವೈದ್ಯರು ಇನ್ನೊಂದು ಜಾಗವನ್ನು ಗುರುತಿಸಿದರು. ಅದು ಎಡಕಿವಿಯಿಂದ ಸ್ವಲ್ಪ ಮೇಲೆ, ಹಿಂದಕ್ಕೆ ಇದೆ. ಅದು ಕೆಟ್ಟವರು ತಡೆಯಿಲ್ಲದೆ ಮಾತನಾಡುತ್ತಾರೆ, ಆದರೆ ಮಾತಿಗೆ ಅರ್ಥವಿರುವುದಿಲ್ಲ. ನಮ್ಮ ಮಾತೂ ಅವರಿಗೆ ತಿಳಿಯುವುದಿಲ್ಲ. ಮಾತಿನ ಕೆಲಸ ಈ ಎರಡೇ ಜಾಗಗಳಲ್ಲಿ ಮುಗಿಯುವುದಿಲ್ಲ, ಅವುಗಳನ್ನು ಕೂಡಿಸುವ ನರತಂತುಗಳೂ ಬೇಕೆಂದು ಈಗ ಬಲ್ಲೆವು. ಆದರೂ ಬಲಗೈ ಬಳಸುವವರಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಮಾತಿನ ಮನೆ ಮಿದುಳಿನ ಎಡಭಾಗವೇ. ಎಡಮಿದುಳು ಆಳುವುದು ದೇಹದ ಬಲಭಾಗವನ್ನು. ಆದುದರಿಂದಲೇ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದವರಲ್ಲಿ ಮಾತೂ ಬಿದ್ದುಹೋಗುವುದು ಹೆಚ್ಚು.

ಲಕ್ವ ಅಥವಾ ಪಾರ್ಶ್ವವಾಯು ಎಂದರೆ ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಅಥವಾ ಒಡೆಯುವುದು. ದೊಡ್ಡ ನಾಳವೊಂದು ಕಟ್ಟಿಕೊಂಡಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬುದು ವಿಜ್ಞಾನಿಗಳ ಲೆಕ್ಕ. ಬಾಯಿ ಒಂದು ಕಡೆಗೆ ವಾಲಿತು, ಎರಡು ಕೈ ಎತ್ತಿದರೆ ಒಂದು ಕೆಳಗೆ ಬಿತ್ತು, ಮಾತು ತೊದಲಿತು ಅಥವಾ ನಿಂತಿತು, ನಡಿಗೆ ತಪ್ಪಿತು, ಕಣ್ಣು ಮಂಜಾಯಿತು ಎಂದಾಗ, ಇವುಗಳಲ್ಲಿ ಒಂದೇ ಒಂದು ಇದ್ದರೂ ಗಡಿಯಾರ ನೋಡಿಕೊಳ್ಳಿ. 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಸಾಮಾನ್ಯವಾಗಿ ಮೊದಲ 4½ ಗಂಟೆಗಳೊಳಗೆ ಕೊಡಬೇಕು. ಕೊಡುವ ಮೊದಲು ಸಿ.ಟಿ. ಸ್ಕ್ಯಾನ್ ತೆಗೆದು ನಾಳ ಕಟ್ಟಿದೆಯೋ ಒಡೆದಿದೆಯೋ ತಿಳಿಯಬೇಕು. ಆದುದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಯಂತ್ರವಿರುವುದಿಲ್ಲ. ನನ್ನ ಮುಂದೆ ಕೂಡಿಸಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸುವುದರಿಂದ ನಿಮಗೆ ಸಮಾಧಾನವಾದೀತು, ರೋಗಿಗೆ ಸಮಯ ಹೋದೀತು. ಕೊನೆಯ ಬಾರಿ ಅವರು ಸರಿಯಾಗಿದ್ದುದನ್ನು ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಂಡು ಹೋಗಿ. ಅಲ್ಲಿನ ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ.

ಆ ಹೊತ್ತಿನಲ್ಲಿ ಮಾಡಬಾರದ ಕೆಲಸಗಳನ್ನೂ ಹೇಳಬೇಕು, ಏಕೆಂದರೆ ಅವು ಇಂದಿಗೂ ನಡೆಯುತ್ತಿವೆ. ಬಾಯಿಗೆ ನೀರು, ಕಷಾಯ, ಸೊಪ್ಪಿನ ರಸ ಹುಯ್ಯಬೇಡಿ. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ; ಲಕ್ವದಿಂದ ಉಳಿದವರು ನ್ಯುಮೋನಿಯಾದಿಂದ ಸಾಯುತ್ತಾರೆ. ಪಕ್ಕದ ಮನೆಯವರು ಹೇಳಿದರೆಂದು ಆಸ್ಪಿರಿನ್ ಮಾತ್ರೆ ಕೊಡಬೇಡಿ. ನಾಳ ಒಡೆದಿದ್ದರೆ ಅದು ರಕ್ತಸ್ರಾವವನ್ನು ಹೆಚ್ಚಿಸೀತು. ಪಾರಿವಾಳದ ರಕ್ತ ಸವರುವುದರಿಂದ ಸಾಯುವುದು ಪಾರಿವಾಳ ಮಾತ್ರ. ಒಂದು ಗಂಟೆಯೊಳಗೆ ಕೈಕಾಲು ತಾನಾಗಿ ಸರಿಹೋದರೂ ಸುಮ್ಮನಿರಬೇಡಿ. ಅದು ಬರಲಿರುವ ದೊಡ್ಡ ಲಕ್ವದ ಮುನ್ಸೂಚನೆಯಾಗಿರಬಹುದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ತೀರ ಇಳಿದಾಗಲೂ ಹೀಗೆಯೇ ಕಾಣುವುದುಂಟು. ಅದನ್ನು ಒಂದು ಹನಿ ರಕ್ತದಿಂದ ಆಂಬುಲೆನ್ಸಿನಲ್ಲಿಯೇ ತಿಳಿಯಬಹುದು.

ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತಿನ ನಷ್ಟವೂ ಆಗುತ್ತದೆ. ಇದನ್ನು ವೈದ್ಯರು ಅಫೇಸಿಯಾ ಎನ್ನುತ್ತಾರೆ. ಮನೆಗೆ ಬಂದ ಮೇಲೆ ಅಂಥವರ ಪಾಡು ನೋಡಿ. "ನಾಳೆ ಹೊಲಕ್ಕೆ ನೀರು ಹಾಯಿಸಬೇಕು" ಎನ್ನಬೇಕಾದವರು "ನಾಳೆ... ಹೊಲ... ನೀರು" ಎಂದು ನಿಲ್ಲುತ್ತಾರೆ. ಒಂದರಿಂದ ಹತ್ತು ಎಣಿಸುತ್ತಾರೆ, ವಾರಗಳ ಹೆಸರು ಹೇಳುತ್ತಾರೆ, ಭಜನೆಯ ಪದವನ್ನು ಎಲ್ಲರೊಡನೆ ಹಾಡುತ್ತಾರೆ, ಸಿಟ್ಟು ಬಂದರೆ ಚೆನ್ನಾಗಿ ಬೈಯುತ್ತಾರೆ. ಬಾಯಾರಿದಾಗ ಮಾತ್ರ "ನೀರು" ಎಂಬ ಶಬ್ದ ಹೊರಡದು. ಇದನ್ನು ಕಂಡು ಮನೆಯವರು, "ಬೈಯುವುದಕ್ಕೆ ಬರುತ್ತದೆ, ಕೇಳುವುದಕ್ಕೆ ಬರುವುದಿಲ್ಲವೇ? ಎಲ್ಲ ನಾಟಕ" ಎನ್ನುತ್ತಾರೆ. ನಾಟಕವಲ್ಲ. ರೂಢಿಯ ಮಾತು, ಹಾಡು, ಬೈಗುಳ ಇವು ಮಿದುಳಿನಲ್ಲಿ ಬೇರೆ ಹಾದಿ ಹಿಡಿದು ಬರುತ್ತವೆ. ಹೊಸದಾಗಿ ಕಟ್ಟಿ ಆಡಬೇಕಾದ ಮಾತಿನ ಹಾದಿ ಮುಚ್ಚಿರುತ್ತದೆ. ಪ್ಯಾರಿಸಿನ ಆ ರೋಗಿಯ ಬೈಗುಳವನ್ನು ನೆನೆಸಿಕೊಳ್ಳಿ.

ಇನ್ನೊಂದು ದೊಡ್ಡ ತಪ್ಪು, ಮಾತಿಲ್ಲದವರಿಗೆ ಬುದ್ಧಿಯೂ ಇಲ್ಲವೆಂದು ಎಣಿಸುವುದು. ಮಾತು ಹೋದ ಅನೇಕರಿಗೆ ತಿಳಿವಳಿಕೆ ಪೂರ್ತಿಯಾಗಿ ಉಳಿದಿರುತ್ತದೆ. ಅವರ ಮುಂದೆಯೇ ಜಮೀನಿನ ಪಾಲಿನ ಮಾತು, ಖರ್ಚಿನ ಲೆಕ್ಕ, "ಇನ್ನೆಷ್ಟು ದಿನವೋ" ಎಂಬ ನಿಟ್ಟುಸಿರು ನಡೆಯುತ್ತದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆಗೆ ತಿರುಗಿ ಮಲಗುತ್ತಾರೆ. ಹಾಗೆ ಮಾಡದೆ, ಎದುರಿಗೆ ಕುಳಿತು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡಿಸಿ. ಹೌದು ಅಥವಾ ಇಲ್ಲ ಎಂದು ತಲೆಯಾಡಿಸುವಂಥ ಪ್ರಶ್ನೆ ಕೇಳಿ. ಉತ್ತರಕ್ಕೆ ಕಾಯಿರಿ, ಅವರ ಬಾಯಿಯ ಮಾತನ್ನು ನೀವು ಕಸಿದುಕೊಂಡು ಮುಗಿಸಬೇಡಿ. ಲೋಟ, ಕಂಬಳಿ, ಮಾತ್ರೆ ಮುಂತಾದ ವಸ್ತುಗಳನ್ನು ಕೈಯಲ್ಲಿ ಹಿಡಿದು ತೋರಿಸಿ. ದಿನಕ್ಕೆ ಒಂದೆರಡು ಬಾರಿ ಮೊಮ್ಮಕ್ಕಳನ್ನು ಅವರ ಬಳಿ ಕೂಡಿಸಿ, ವಸ್ತುಗಳ ಹೆಸರು ಹೇಳಿಸಿ. ಮೊದಲ ಕೆಲವು ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಅನಂತರವೂ ನಿಲ್ಲುವುದಿಲ್ಲ. ಮಾತು ಕಲಿಸುವ ತಜ್ಞರ ಸಹಾಯ ದೊರೆತರೆ ಇನ್ನೂ ಮೇಲು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಬಗೆಯ ಕೆಲಸಕ್ಕೇ ಮೀಸಲಾದುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಫೇಸಿಯಾದಿಂದಾದ ಶಾಶ್ವತ ಮಾತಿನ ನಷ್ಟವನ್ನೂ ಅಂಗವಿಕಲತೆಯೆಂದು ಸೇರಿಸಿದೆ. ಬಹಳ ಮಂದಿಗೆ ಇದು ತಿಳಿಯದೆ, ಪ್ರಮಾಣಪತ್ರವನ್ನು ಕೇಳುವುದೇ ಇಲ್ಲ.

ಈಗ ನಿಧಾನವಾಗಿ ಬರುವ ಮರೆವಿನ ವಿಷಯ. ಮೊದಲು ಒಂದು ಮಾತು: ವಯಸ್ಸಾದಂತೆ ಎಲ್ಲರಿಗೂ ಸ್ವಲ್ಪ ಮರೆವು ಸಹಜ. ಪರಿಚಯಸ್ಥರ ಹೆಸರು ನಾಲಿಗೆಯ ತುದಿಯಲ್ಲಿ ನಿಂತು ಬಿಡುತ್ತದೆ, ಸಂಜೆ ನೆನಪಿಗೆ ಬರುತ್ತದೆ. ಲೆಕ್ಕ ನಿಧಾನವಾಗುತ್ತದೆ. ಆದರೆ ಶಬ್ದಸಂಪತ್ತು, ಅನುಭವದ ತಿಳಿವು ಮುಪ್ಪಿನಲ್ಲಿಯೂ ಬಹುಕಾಲ ಕುಂದುವುದಿಲ್ಲ. ಗಾದೆ ಒಗಟುಗಳಲ್ಲಿ ಅಜ್ಜಿಯನ್ನು ಮೊಮ್ಮಗಳು ಸೋಲಿಸಲಾರಳು. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ವಯಸ್ಸು. ಕನ್ನಡಕ ಏತಕ್ಕೆಂದು ಮರೆಯುವುದು ಕಾಯಿಲೆ. ಹುಟ್ಟಿ ಬೆಳೆದ ಊರಿನಲ್ಲಿ ದಾರಿ ತಪ್ಪುವುದು, ಐವತ್ತು ವರ್ಷ ಮಾಡಿದ ಸಾರಿಗೆ ಏನೇನು ಹಾಕಬೇಕೆಂದು ತಿಳಿಯದೆ ನಿಲ್ಲುವುದು, ಕೇಳಿದ್ದನ್ನೇ ಹತ್ತು ನಿಮಿಷದಲ್ಲಿ ಐದು ಬಾರಿ ಕೇಳುವುದು, ಕುಡುಗೋಲು ಎನ್ನುವುದಕ್ಕೆ "ಅದು, ಆ ಕೊಯ್ಯುವುದು" ಎನ್ನುವುದು, ಇವು ಮಿದುಳಿನ ರೋಗದ ಲಕ್ಷಣಗಳು. ಇದರ ಹೆಸರು ಡಿಮೆನ್ಷಿಯಾ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದ ಪ್ರತಿ 100 ಮಂದಿಯಲ್ಲಿ 7ಕ್ಕೂ ಹೆಚ್ಚು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಇದು ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಇದಕ್ಕೆ ಕಾರಣವಾದ ರೋಗಗಳಲ್ಲಿ ಬಹಳ ಸಾಮಾನ್ಯವಾದುದು ಆಲ್‌ಝೈಮರ್ ರೋಗ. ಅಲೋಯಿಸ್ ಆಲ್‌ಝೈಮರ್ ಎಂಬ ಜರ್ಮನ್ ವೈದ್ಯರು 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ 51 ವರ್ಷದ ಒಬ್ಬ ಹೆಂಗಸನ್ನು ಪರೀಕ್ಷಿಸಿದರು. ಆಕೆ ಹೂಕೋಸು ತಿನ್ನುತ್ತಿರುವಾಗಲೇ ಏನು ತಿನ್ನುತ್ತಿರುವೆಯೆಂದು ಕೇಳಿದರೆ, ಸೊಪ್ಪಿನ ಹೆಸರು ಹೇಳುತ್ತಿದ್ದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನರಕೋಶಗಳ ನಡುವೆ ಗಸಿಯಂಥ ವಸ್ತು ಕೂಡಿಕೊಂಡಿರುವುದೂ, ಕೋಶಗಳ ಒಳಗೆ ಎಳೆಗಳು ಸಿಕ್ಕುಗಟ್ಟಿರುವುದೂ ಕಂಡುಬಂದವು. ಗಾಳಿಯಲ್ಲ, ಮಾಟವಲ್ಲ, ಕಣ್ಣಿಗೆ ಕಾಣುವ ಕೆಡುಕು ಎಂಬುದನ್ನು ತಿಳಿಯಲೆಂದೇ ಇದನ್ನು ಹೇಳಿದೆ.

ಈ ರೋಗ ಹೊಸ ನೆನಪನ್ನು ಮೊದಲು ಅಳಿಸುತ್ತದೆ. ಮದುವೆಯ ದಿನದ ಮಳೆ ನೆನಪಿರುತ್ತದೆ, ಈಗ ತಾನೇ ಉಂಡ ಮುದ್ದೆ ನೆನಪಿರುವುದಿಲ್ಲ. ಎಷ್ಟು ಮನೆಗಳ ನೆಮ್ಮದಿ ಈ ಒಂದು ಸಂಗತಿಯಿಂದ ಹಾಳಾಗಿದೆಯೆಂಬುದನ್ನು ನಾನು ಪ್ರತಿ ವಾರವೂ ನೋಡುತ್ತೇನೆ. ಅತ್ತೆ ಉಂಡು ಕೈ ತೊಳೆದು ಜಗಲಿಗೆ ಬಂದು, ದಾರಿಯಲ್ಲಿ ಹೋಗುವವರೊಡನೆ, "ಸೊಸೆ ನನಗೆ ಊಟ ಹಾಕಲಿಲ್ಲ" ಎನ್ನುತ್ತಾರೆ. ಊರು ನಂಬುತ್ತದೆ. ಸಂಜೆ ಗಂಡ ಹೊಲದಿಂದ ಬರುವಷ್ಟರಲ್ಲಿ ಅವನ ಕಿವಿಗೂ ಬಿದ್ದಿರುತ್ತದೆ. "ಅವ್ವ ಬೆಳಗಿನಿಂದ ಉಂಡಿಲ್ಲವಂತೆ, ನೀನೇನು ಮಾಡುತ್ತಿದ್ದೆ?" ಎಂದು ಆರಂಭವಾದ ಮಾತು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಬಚ್ಚಿಟ್ಟ ಹಣ ಎಲ್ಲಿಟ್ಟೆನೆಂದು ಮರೆತು, ಸೊಸೆಯೇ ಕದ್ದಳೆನ್ನುವುದೂ ಉಂಟು. ಅತ್ತೆ ಸುಳ್ಳು ಹೇಳುತ್ತಿಲ್ಲ, ಸೊಸೆಯೂ ಉಪವಾಸ ಕೆಡವಿಲ್ಲ. ಅತ್ತೆಯ ಮಿದುಳಿನಲ್ಲಿ ಆ ಊಟ ಬರೆದುಕೊಳ್ಳಲೇ ಇಲ್ಲ, ಅಷ್ಟೇ. ಇಲ್ಲಿ ಬಂದಿರುವ ಗಂಡಸರಿಗೆ ವಿಶೇಷವಾಗಿ ಹೇಳುತ್ತೇನೆ: ಮಾತಿಗೆ ಮೊದಲು ಒಂದು ವಾರ ನೀವೇ ತಾಯಿಗೆ ಒಂದು ಹೊತ್ತು ಊಟ ಬಡಿಸಿ ನೋಡಿ. ಅರ್ಧ ಗಂಟೆಯ ಮೇಲೆ ನಿಮ್ಮ ಮೇಲೂ ಅದೇ ದೂರು ಬರುತ್ತದೆ.

ಅವರೊಡನೆ ವಾದ ಮಾಡಿ ಗೆಲ್ಲಲಾಗದು. "ಆಗಲೇ ಉಂಡೆಯಲ್ಲ" ಎನ್ನುವುದರ ಬದಲು ಒಂದು ಬಾಳೆಹಣ್ಣನ್ನೋ ಅರ್ಧ ಲೋಟ ಮಜ್ಜಿಗೆಯನ್ನೋ ಕೊಟ್ಟು ಮಾತು ಬದಲಿಸಿ. ಏಳುವ, ಮೀಯುವ, ಉಣ್ಣುವ ಹೊತ್ತು ದಿನವೂ ಒಂದೇ ಆಗಿರಲಿ. ಬಾವಿ, ಒಲೆ, ಕ್ರಿಮಿನಾಶಕದ ಡಬ್ಬಿ ಇವುಗಳಿಂದ ದೂರವಿಡಿ. ಅಂಗಿಯ ಕಿಸೆಯಲ್ಲಿ ಅಥವಾ ಸೀರೆಯ ಸೆರಗಿನಲ್ಲಿ ಊರಿನ ಹೆಸರು, ಫೋನ್ ಸಂಖ್ಯೆ ಬರೆದ ಚೀಟಿಯಿರಲಿ. ಬೇಸಾಯದ ಸಣ್ಣ ಕೆಲಸ, ಕಡಲೆಕಾಯಿ ಸುಲಿಯುವುದು, ಹೂ ಕಟ್ಟುವುದು ಅವರಿಂದಾದಷ್ಟು ಮಾಡಲಿ. ಕೈಯ ರೂಢಿ ನೆನಪಿಗಿಂತ ಬಹುಕಾಲ ಉಳಿಯುತ್ತದೆ. ಮನೆಮಾತು ತೆಲುಗು, ತುಳು, ಲಂಬಾಣಿ ಅಥವಾ ಉರ್ದುವಾಗಿದ್ದು ಕನ್ನಡವನ್ನು ಅನಂತರ ಕಲಿತವರು ಕೆಲವರು ಈ ಸ್ಥಿತಿಯಲ್ಲಿ ಕನ್ನಡ ಬಿಟ್ಟು ಬಾಲ್ಯದ ಮಾತಿಗೆ ಹಿಂದಿರುಗುತ್ತಾರೆ. ಆ ಮಾತಿನಲ್ಲಿಯೇ ಅವರನ್ನು ಮಾತನಾಡಿಸಿ. ಕಾಗದಪತ್ರಗಳ ಬಗ್ಗೆಯೂ ಒಂದು ಮಾತು: ತಿಳಿವಳಿಕೆ ಇಲ್ಲದ ಸ್ಥಿತಿಯಲ್ಲಿ ಹಾಕಿಸಿಕೊಂಡ ಹೆಬ್ಬೆಟ್ಟಿನ ಕರಾರು 1872ರ ಕಾಯ್ದೆಯ ಪ್ರಕಾರ ಊರ್ಜಿತವಲ್ಲ. ಅಣ್ಣತಮ್ಮಂದಿರ ನಡುವೆ ಮೊಕದ್ದಮೆ ತರುವುದಷ್ಟೇ ಅದರ ಫಲ.

ಡಿಮೆನ್ಷಿಯಾವನ್ನು ಪೂರ್ತಿಯಾಗಿ ಗುಣಪಡಿಸುವ ಔಷಧಿ ಇಲ್ಲ. ಸ್ವಲ್ಪ ಕಾಲ ಸ್ವಲ್ಪ ಮಟ್ಟಿಗೆ ನೆರವಾಗುವ ಮಾತ್ರೆಗಳುಂಟು. ಬುದ್ಧಿ ಹೆಚ್ಚಿಸುವ ಟಾನಿಕ್ಕಿಗೆ ಸಾಲ ಮಾಡಬೇಡಿ. ಆದರೂ ಪರೀಕ್ಷೆಗೆ ಕರೆತರಲೇಬೇಕು, ಏಕೆಂದರೆ ಮರೆವಿನಂತೆ ಕಾಣುವುದೆಲ್ಲ ಡಿಮೆನ್ಷಿಯಾ ಅಲ್ಲ. ಥೈರಾಯಿಡ್ ಗ್ರಂಥಿಯ ಕೊರತೆ, ಬಿ-12 ಜೀವಸತ್ವದ ಕೊರತೆ, ಸಂಗಾತಿ ಸತ್ತ ಮೇಲೆ ಕವಿಯುವ ಮನೋವ್ಯಥೆ, ಜಾರಿಬಿದ್ದ ಕೆಲವು ವಾರಗಳ ಮೇಲೆ ತಲೆಯೊಳಗೆ ಶೇಖರವಾದ ರಕ್ತ, ಇವೆಲ್ಲವೂ ಮರೆವನ್ನು ತರುತ್ತವೆ; ಇವಕ್ಕೆಲ್ಲ ಚಿಕಿತ್ಸೆ ಇದೆ. ಕೆಲವರಿಗೆ ಮರೆವೇ ಇಲ್ಲ, ಕಿವಿ ಕೇಳಿಸುವುದಿಲ್ಲ ಅಷ್ಟೇ. ಇನ್ನು, ಒಂದೆರಡು ದಿನದಲ್ಲಿಯೇ ಹಿರಿಯರು ಗೊಂದಲಗೊಂಡು ಬಡಬಡಿಸತೊಡಗಿದರೆ ಅದು ಜ್ವರ, ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ ಮುಂತಾದವುಗಳ ಫಲವಾಗಿರಬಹುದು; ಆಗ ಅದೇ ದಿನ ಬನ್ನಿ.

ಈಗ ನಿಮ್ಮ ಮಾತಿಗೆ ಬರೋಣ. ನಿಮಗೆ ಮೂವತ್ತು ನಲವತ್ತರ ಪ್ರಾಯ. ಮುಪ್ಪಿನ ಮಿದುಳು ಸಿದ್ಧವಾಗುವುದು ಈ ಪ್ರಾಯದಲ್ಲಿಯೇ. ಲಾನ್ಸೆಟ್ ವೈದ್ಯಪತ್ರಿಕೆ ನೇಮಿಸಿದ ತಜ್ಞರ ಸಮಿತಿ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ತಡೆದರೆ ಡಿಮೆನ್ಷಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂದು ಹೇಳಿತು. ನಮ್ಮ ಹಳ್ಳಿಗಳ ಮಟ್ಟಿಗೆ ಮೊದಲನೆಯ ಶತ್ರು ರಕ್ತದ ಒತ್ತಡ. ಅದು 140/90 ದಾಟಿದ್ದರೂ ತಲೆ ನೋಯುವುದಿಲ್ಲ, ಮೈ ಬಿಸಿಯಾಗುವುದಿಲ್ಲ. 30 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಒತ್ತಡ ಮತ್ತು ಸಕ್ಕರೆಯ ಪರೀಕ್ಷೆ ಉಚಿತ. ಮಾತ್ರೆ ಆರಂಭಿಸಿದವರು "ಈಗ ನಾರ್ಮಲ್ ಆಯಿತು" ಎಂದು ತಾವೇ ನಿಲ್ಲಿಸುತ್ತಾರೆ. ನಾರ್ಮಲ್ ಆದುದು ಮಾತ್ರೆಯಿಂದ. ಬೀಡಿ ಬಿಡಬೇಕು. ಎಲೆಯಡಿಕೆಯೊಡನೆ ಕಡ್ಡಿಪುಡಿ, ಹೊಗೆಸೊಪ್ಪು ಹಾಕಿಕೊಳ್ಳುವ ಹೆಂಗಸರೂ ಬಿಡಬೇಕು. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚೆ, ಅದರಲ್ಲಿ ಉಪ್ಪಿನಕಾಯಿ ಹಪ್ಪಳಗಳದ್ದೂ ಸೇರಿತು. ದ್ವಿಚಕ್ರ ವಾಹನದಲ್ಲಿ ಇಬ್ಬರೂ ಹೆಲ್ಮೆಟ್ ಧರಿಸಿ. ತಲೆಯ ಪೆಟ್ಟು ಆ ಹದಿನಾಲ್ಕರಲ್ಲಿ ಒಂದು. ಶಾಲೆಯ ಓದಿನ ಕೊರತೆಯೂ ಒಂದು. ಇಂದು ಹೆಣ್ಣುಮಗುವನ್ನು ಶಾಲೆ ಬಿಡಿಸಿದರೆ ಅದರ ನಷ್ಟ ಆಕೆಯ ಅರವತ್ತನೆಯ ವಯಸ್ಸಿನವರೆಗೂ ಹೋಗಿ ಮುಟ್ಟುತ್ತದೆ.

ಗಡಿ ತಾಲ್ಲೂಕುಗಳ ಜನರಿಗೆ ಸಂತೋಷ ತರುವ ಒಂದು ಸಂಗತಿಯುಂಟು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮಂದಿ ಡಿಮೆನ್ಷಿಯಾ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು 4½ ವರ್ಷ ತಡವಾಗಿ ಕಾಣಿಸಿತ್ತು. ಓದುಬರಹ ಬಾರದವರಲ್ಲಿಯೂ ಹೀಗೆಯೇ ಇತ್ತು. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನೇ ಹೇಳಿಲ್ಲ, ಆದುದರಿಂದ ಇದನ್ನು ಔಷಧಿಯೆಂದು ನಂಬಿ ಒತ್ತಡದ ಮಾತ್ರೆ ಬಿಡಬಾರದು. ಆದರೆ ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುವ ಅಭ್ಯಾಸದಿಂದ ಮಕ್ಕಳ ತಲೆ ಕೆಡುತ್ತದೆಂಬ ಭಯ ಬೇಡ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು 45 ವರ್ಷ ದಾಟಿದ ರೈತಾಪಿ ಜನರನ್ನು ವರ್ಷಗಳ ಕಾಲ ಪರೀಕ್ಷಿಸುತ್ತ ಬಂದಿದ್ದಾರೆ. ನಮ್ಮ ಜನರ ಮುಪ್ಪು ಹೇಗೆ ಸಾಗುತ್ತದೆಂಬುದು ಇಂಥ ಕೆಲಸದಿಂದ ಇನ್ನಷ್ಟು ಸ್ಪಷ್ಟವಾಗಬೇಕು.

ಹಿರಿಯರನ್ನು ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಅಗತ್ಯವಾದರೆ ನಾವೇ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತೇವೆ. ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಲ್ಲಿ ರಾಜ್ಯ ಸರ್ಕಾರವು 2022ರಲ್ಲಿ ಮಿದುಳಿನ ಆರೋಗ್ಯಕ್ಕಾಗಿ ಯೋಜನೆಯೊಂದನ್ನು ಆರಂಭಿಸಿತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಚಿಕಿತ್ಸಾಲಯ ನಡೆಯುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. ನೋಡಿಕೊಳ್ಳುವವರ ಮನಸ್ಸೇ ಸೋತಾಗ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಬರುವಾಗ ಹಿರಿಯರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ತನ್ನಿ. ಮರೆವು ಎಂದಿನಿಂದ, ಮೊದಲು ಯಾವುದನ್ನು ಮರೆತರು, ರಾತ್ರಿ ಹೇಗಿರುತ್ತಾರೆ, ಈ ಪ್ರಶ್ನೆಗಳನ್ನು ನಾನು ಕೇಳುತ್ತೇನೆ. ಇವಕ್ಕೆ ಸರಿಯಾದ ಉತ್ತರ ಗೊತ್ತಿರುವುದು ಹಗಲೆಲ್ಲ ಅವರೊಡನಿರುವ ಸೊಸೆಗೆ. ಆದುದರಿಂದ ಮಗನೊಬ್ಬನೇ ಬರುವುದು ಬೇಡ, ಆಕೆಯನ್ನೂ ಕರೆತನ್ನಿ.